ಸೀರಿಯಲ್ ಪೋರ್ಟ್ ಕಾಣುತ್ತದೆ, ಅಕ್ಷರ ಮಾತ್ರ ಬರುತ್ತಿಲ್ಲ

ಪ್ರಶ್ನೆ: ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್‌ನಿಂದ ಇಎಸ್‌ಪಿ-01 ವೈ-ಫೈ ಮಾಡ್ಯೂಲನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿದ್ದೇನೆ. ಪೋರ್ಟ್ ತೋರಿಸುತ್ತದೆ. ಆದರೆ ಟರ್ಮಿನಲ್ (ಪೋರ್ಟಿಗೆ ಬಂದದ್ದನ್ನು ತೋರಿಸುವ ಪ್ರೋಗ್ರಾಂ) ಖಾಲಿ, ಕೆಲವೊಮ್ಮೆ ಬರೀ ಕಸ. ಎಲ್ಲಿಂದ ಹುಡುಕಲಿ?

ಉತ್ತರ: ಮಾಡ್ಯೂಲನ್ನು ಬಿಚ್ಚಿ ಪಕ್ಕಕ್ಕಿಡಿ. ಅಡಾಪ್ಟರ್‌ನ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಕೇಳುವ) ಪಿನ್‌ಗಳನ್ನು ಒಂದು ಜಂಪರ್ ವೈರಿನಿಂದ ಸೇರಿಸಿ. ಟರ್ಮಿನಲ್‌ನಲ್ಲಿ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಟರ್ಮಿನಲ್ ತಾನೇ ತೋರಿಸುವುದು), ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ಪಿನ್‌ಗಳ ಸೂಚನೆಗೆ ಕಾದು ಕಳಿಸುವುದು) ಎರಡನ್ನೂ ಆಫ್ ಮಾಡಿ ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬಂದು, ವೈರ್ ಕಿತ್ತ ಕೂಡಲೇ ನಿಂತರೆ ಕಂಪ್ಯೂಟರ್, ಡ್ರೈವರ್, ಅಡಾಪ್ಟರ್ ಎಲ್ಲ ಸರಿ. ಬಾಡ್ ರೇಟ್ (ಸೀರಿಯಲ್ ಲೈನಿನ ವೇಗ) ತಪ್ಪಿದ್ದರೆ ಮಾತ್ರ ಇದರಲ್ಲಿ ಗೊತ್ತಾಗದು: ಕಳಿಸುವುದೂ ಕೇಳುವುದೂ ಅದೇ ಚಿಪ್, ಯಾವ ವೇಗದಲ್ಲಾದರೂ ಪಾಸಾಗುತ್ತದೆ.

ಟರ್ಮಿನಲ್ ಖಾಲಿಯಿದ್ದರೆ ವೈರಿಂಗ್ ನೋಡಿ. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಬೇಕು, ಜಿಎನ್‌ಡಿ (ಗ್ರೌಂಡ್) ಎರಡಕ್ಕೂ ಒಂದೇ ಇರಬೇಕು. ಅಡಾಪ್ಟರ್‌ನ ವೋಲ್ಟೇಜ್ ಜಂಪರ್ 3.3ರಲ್ಲಿರಲಿ. ಆಮೇಲೆ ಮಾಡ್ಯೂಲ್‌ನ ಟಿಎಕ್ಸ್ ಪಿನ್ನಿನಿಂದ ವೈರ್ ಬಿಡಿಸಿ, ಪವರ್ ಕೊಟ್ಟು, ಆ ಪಿನ್ನಿಗೂ ಜಿಎನ್‌ಡಿಗೂ ಮಲ್ಟಿಮೀಟರ್ ಹಿಡಿಯಿರಿ. ಏನೂ ಕಳಿಸದೆ ಸುಮ್ಮನಿರುವ ಸೀರಿಯಲ್ ಲೈನ್ 3.3 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಸೊನ್ನೆ ಬಂದರೆ ನೀವು ಹಿಡಿದಿರುವುದು ಬೇರೆ ಪಿನ್, ಇಲ್ಲವೇ ಚಿಪ್ ಓಡುತ್ತಿಲ್ಲ. ಇಎಸ್‌ಪಿ-01ರಲ್ಲಿ ಚಿಪ್ಪನ್ನು ಚಾಲೂ ಮಾಡುವ ಸಿಎಚ್-ಪಿಡಿ ಪಿನ್ನನ್ನು 3.3 ವೋಲ್ಟ್‌ಗೆ ಕಟ್ಟದೇ ಬಿಟ್ಟಿರುವುದೇ ಎಷ್ಟೋ ಸಲ ಕಾರಣ.

ಕಸ ಬರುತ್ತಿದ್ದರೆ ಒಂದು ಸಮಾಧಾನ, ವೈರಿಂಗ್ ಬಹುಮಟ್ಟಿಗೆ ಸರಿಯಿದೆ. ಮಾಡ್ಯೂಲ್‌ನ ಚಿಪ್ಪಿನಲ್ಲಿರುವ ಬೂಟ್ ರೋಮ್ (ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) 40 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿಗೆ ತಾಳ ಕೊಡುವ ಭಾಗ) ಇದೆಯೆಂದು ಲೆಕ್ಕ ಹಾಕಿ 115200ರಲ್ಲಿ ಮಾತಾಡಲು ಹೊರಡುತ್ತದೆ. ಮಾಡ್ಯೂಲ್ ಮೇಲಿರುವುದು 26ರ ಕ್ರಿಸ್ಟಲ್. ಹಾಗಾಗಿ ಹೊರಬರುವ ವೇಗ 74880. ಆನ್ ಆದ ಕೂಡಲೇ ಎರಡು ಸಾಲು ಕಸ, ನಂತರ ಶುದ್ಧ ಅಕ್ಷರ ಬಂದರೆ ಅದು ದೋಷವೇ ಅಲ್ಲ. ಆ ಸಾಲುಗಳನ್ನು ಓದಲೇಬೇಕಿದ್ದರೆ ಟರ್ಮಿನಲನ್ನು 74880ಕ್ಕೆ ಇಡಿ.

ಅದೇ ಕಸ ಕೆಲವು ಕ್ಷಣಕ್ಕೊಮ್ಮೆ ಮರುಕಳಿಸಿದರೆ ಮಾಡ್ಯೂಲ್ ಪದೇ ಪದೇ ರೀಸೆಟ್ ಆಗುತ್ತಿದೆ. ಮೊದಲು ಅನುಮಾನಿಸಬೇಕಾದ್ದು ಪವರ್. ಹಲವು ಅಡಾಪ್ಟರ್‌ಗಳಲ್ಲಿರುವ ಎಫ್‌ಟಿ232ಆರ್ ಚಿಪ್ಪಿನ 3.3 ವೋಲ್ಟ್ ಪಿನ್ ಕೊಡುವುದು ಬರೀ 50 ಮಿಲಿಆಂಪ್. ವೈ-ಫೈ ಆನ್ ಆದಾಗ ಮಾಡ್ಯೂಲ್ ಕ್ಷಣಮಾತ್ರಕ್ಕಾದರೂ 300ಕ್ಕಿಂತ ಹೆಚ್ಚು ಎಳೆಯಬಲ್ಲದು. ಅಡಾಪ್ಟರ್‌ನ 5 ವೋಲ್ಟ್ ಪಿನ್ನಿನಿಂದ ಎಎಂಎಸ್1117-3.3 ರೆಗ್ಯುಲೇಟರ್ ಮೂಲಕ ಪವರ್ ಕೊಡಿ, ಮಾಡ್ಯೂಲ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ರೆಗ್ಯುಲೇಟರ್‌ನ ಜಿಎನ್‌ಡಿಯೂ ಉಳಿದೆರಡಕ್ಕೆ ಸೇರಿರಬೇಕು.