ಚಿಕಿತ್ಸೆಯ ಲೆಕ್ಕದಲ್ಲಿ ಕಾಣಿಸದ ರೋಗಿಗಳು

1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಕೃತಕ ಮೂತ್ರಪಿಂಡ ಕೇಂದ್ರದಲ್ಲಿದ್ದ ಡಯಾಲಿಸಿಸ್ ಸೌಲಭ್ಯ ಬೆರಳೆಣಿಕೆಯ ಜನರಿಗೆ ಮಾತ್ರ ಸಾಲುತ್ತಿತ್ತು. ವೈದ್ಯರು ಅರ್ಹರೆಂದು ಗುರುತಿಸಿದವರಲ್ಲಿ ಯಾರಿಗೆ ಯಂತ್ರ ಕೊಡಬೇಕೆಂದು ತೀರ್ಮಾನಿಸುತ್ತಿದ್ದ ಏಳು ಮಂದಿಯ ಸಮಿತಿ ರೋಗಿಯ ಉದ್ಯೋಗ, ಆದಾಯ, ವಿದ್ಯಾಭ್ಯಾಸ, ಚರ್ಚಿನ ಒಡನಾಟ ಇವೆಲ್ಲವನ್ನೂ ತೂಗಿ ನೋಡುತ್ತಿತ್ತು. 1962ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ ಎದ್ದ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು.

ಆರೋಗ್ಯ ಅರ್ಥಶಾಸ್ತ್ರ ಹಿಡಿದದ್ದು ಬೇರೆ ದಾರಿ. ರೋಗಿ ಯಾರು ಎಂದು ಅದು ಕೇಳುವುದಿಲ್ಲ. ಖರ್ಚಾಗುವ ಹಣದಿಂದ ಎಷ್ಟು ಆರೋಗ್ಯ ದಕ್ಕುತ್ತದೆ ಎಂದು ಕೇಳುತ್ತದೆ. ಅದರ ಅಳತೆಗೋಲು 'ಕ್ವಾಲಿ', ಅಂದರೆ ಬದುಕಿನ ಗುಣಮಟ್ಟಕ್ಕೆ ಹೊಂದಿಸಿ ಎಣಿಸಿದ ಆಯುಷ್ಯದ ವರ್ಷ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಅರ್ಧ ಗುಣಮಟ್ಟದ ನಾಲ್ಕು ವರ್ಷಗಳನ್ನು ಕೊಡುವ ಔಷಧಿ ಎರಡು ಕ್ವಾಲಿ ಕೊಟ್ಟಂತೆ. ಯಾವ ಚಿಕಿತ್ಸೆಗೆ ಸಾರ್ವಜನಿಕ ಹಣ ಸಲ್ಲಬೇಕೆಂದು ಶಿಫಾರಸು ಮಾಡಲು ಇಂಗ್ಲೆಂಡಿನಲ್ಲಿ 1999ರಲ್ಲಿ ಸ್ಥಾಪನೆಯಾದ 'ನೈಸ್' ಸಂಸ್ಥೆ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್‌ಗಳ ಮಿತಿಯನ್ನು ಬಹುಕಾಲ ಅನುಸರಿಸಿತು.

ಜೀವಕ್ಕೆ ಬೆಲೆ ಕಟ್ಟುವುದು ಕ್ರೌರ್ಯವೆಂದು ಇದನ್ನು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಸುಮಾರು 13,000 ಪೌಂಡ್ ಖರ್ಚು ಮಾಡಿದರೆ ಒಂದು ಕ್ವಾಲಿ ಸಿಗುತ್ತದೆಂದು ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಅಂದಾಜಿಸಿದರು. ಇದು ನಿಜವಾದರೆ, 30,000 ಪೌಂಡ್ ತೆತ್ತು ಹೊಸ ಔಷಧಿಯಿಂದ ಒಂದು ಕ್ವಾಲಿ ಪಡೆದಾಗ ಬೇರೆಲ್ಲೋ ಎರಡಕ್ಕೂ ಹೆಚ್ಚು ಕ್ವಾಲಿ ಕೈತಪ್ಪುತ್ತವೆ. ಔಷಧಿ ಪಡೆದವರ ಮುಖ ನಮಗೆ ಕಾಣುತ್ತದೆ. ಹಣವಿಲ್ಲದೆ ಶಸ್ತ್ರಚಿಕಿತ್ಸೆ ಮುಂದೆ ಹೋದವರ, ಶುಶ್ರೂಷಕಿಯರ ಕೊರತೆಯಿಂದ ನರಳಿದವರ ಮುಖ ಕಾಣುವುದಿಲ್ಲ. ಅವರನ್ನು ಲೆಕ್ಕಕ್ಕೆ ತಂದದ್ದೇ ಈ ಶಾಸ್ತ್ರದ ನೈತಿಕ ಬಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಲೆಕ್ಕವೊಂದೇ ಸಾಲದು. ಅಮೆರಿಕದ ಆರೆಗಾನ್ ರಾಜ್ಯ 1990ರಲ್ಲಿ ವೆಚ್ಚ ಮತ್ತು ಪ್ರಯೋಜನಗಳ ಆಧಾರದ ಮೇಲೆ ಚಿಕಿತ್ಸೆಗಳ ಆದ್ಯತಾಪಟ್ಟಿ ಮಾಡಿದಾಗ, ಹಲ್ಲಿಗೆ ಕ್ಯಾಪ್ ಹಾಕುವ ಚಿಕಿತ್ಸೆ, ಗರ್ಭಕೋಶದ ಹೊರಗೆ ಬೆಳೆದ ಗರ್ಭಕ್ಕೆ ಮಾಡುವ ಶಸ್ತ್ರಚಿಕಿತ್ಸೆಗಿಂತ ಒಂದು ಮೆಟ್ಟಿಲು ಮೇಲಿತ್ತು. ಹಲ್ಲಿನ ಕೆಲಸ ಅಗ್ಗ. ಅದರ ಸಣ್ಣ ಪ್ರಯೋಜನವನ್ನು ಸಣ್ಣ ವೆಚ್ಚದಿಂದ ಭಾಗಿಸಿದರೆ ಬರುವ ಅಂಕೆ ದೊಡ್ಡದು. ಗಣಿತ ತಪ್ಪಿರಲಿಲ್ಲ, ಆದರೆ ಪ್ರಾಣಾಪಾಯದಲ್ಲಿರುವವರ ತುರ್ತಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಆರೆಗಾನ್ ಪಟ್ಟಿಯನ್ನು ಬದಲಿಸಿತು. ಬದಲಿಸಿದ ಯೋಜನೆಯೂ ಅಂಗವಿಕಲರಿಗೆ ತಾರತಮ್ಯ ಮಾಡಬಹುದೆಂದು ಕೇಂದ್ರ ಸರ್ಕಾರ 1992ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ನಿರಾಕರಿಸಿತು.

ಈ ಆತಂಕಕ್ಕೆ ಆಧಾರವಿದೆ. ಒಂದೇ ಹೃದ್ರೋಗದ ಇಬ್ಬರಿಗೆ ಚಿಕಿತ್ಸೆಯಿಂದ ಹತ್ತು ವರ್ಷ ಆಯುಷ್ಯ ಸಿಗುತ್ತದೆ ಎನ್ನೋಣ. ಗಾಲಿಕುರ್ಚಿ ಬಳಸುವವರ ಬದುಕಿಗೆ 0.6 ಎಂಬ ಅಂಕ ಬಿದ್ದಿದ್ದರೆ ಅವರಿಗೆ ಆರು ಕ್ವಾಲಿ, ಇನ್ನೊಬ್ಬರಿಗೆ ಹತ್ತು. ಆ 0.6 ಅನ್ನು ಸಾಮಾನ್ಯವಾಗಿ ನಿರ್ಧರಿಸುವವರು ಗಾಲಿಕುರ್ಚಿಯ ಬದುಕನ್ನು ಕಲ್ಪಿಸಿಕೊಂಡು ಉತ್ತರಿಸುವ ಜನಸಾಮಾನ್ಯರು. ಆ ಬದುಕನ್ನೇ ಬಾಳುತ್ತಿರುವವರು ಅನೇಕ ವೇಳೆ ಅದಕ್ಕೆ ಹೆಚ್ಚಿನ ಅಂಕ ಕೊಡುತ್ತಾರೆ.

2022ರಿಂದ ನೈಸ್ ತೀವ್ರ ಕಾಯಿಲೆಗಳ ಕ್ವಾಲಿಗಳಿಗೆ 1.2 ಅಥವಾ 1.7ರ ತೂಕ ಕೊಡುತ್ತಿದೆ. ಇವು ಪ್ರಯೋಗಾಲಯದಲ್ಲಿ ಕಂಡುಕೊಂಡ ಸ್ಥಿರಾಂಕಗಳಲ್ಲ, ಹೆಚ್ಚು ನರಳುವವರಿಗೆ ಎಷ್ಟು ಆದ್ಯತೆ ಸಲ್ಲಬೇಕೆಂಬ ನೈತಿಕ ತೀರ್ಮಾನಗಳು. ಅಂಥ ತೀರ್ಮಾನಗಳಿಗೆ ಕಾರಣಗಳನ್ನು ಜನರೆದುರು ಇಡಬೇಕು, ಪ್ರಶ್ನಿಸಲು ಅವಕಾಶವಿರಬೇಕು, ಅಂಕ ಕೊಡುವವರ ಸಾಲಿನಲ್ಲಿ ಕಾಯಿಲೆ ಮತ್ತು ಅಂಗವೈಕಲ್ಯದೊಡನೆ ಬಾಳುತ್ತಿರುವವರೂ ಇರಬೇಕು.