ರಕ್ತದೊತ್ತಡದ ಸಾಮೂಹಿಕ ತಪಾಸಣೆ

ಯಾವ ತೊಂದರೆಯನ್ನೂ ಹೇಳಿಕೊಳ್ಳದ ವಯಸ್ಕರನ್ನು ಮನೆಯಲ್ಲೋ, ಕೆಲಸದ ಜಾಗದಲ್ಲೋ, ಊರಿನ ಶಿಬಿರದಲ್ಲೋ ಕೂರಿಸಿ ರಕ್ತದೊತ್ತಡ ಅಳೆದು, ಅದು ಹೆಚ್ಚಿರಬಹುದೆಂಬ ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸುವ ವ್ಯವಸ್ಥೆಗೆ ರಕ್ತದೊತ್ತಡದ ಸಾಮೂಹಿಕ ತಪಾಸಣೆ ಎಂದು ಹೆಸರು. ಈ ತಪಾಸಣೆ ಅನುಮಾನವನ್ನಷ್ಟೇ ಮುಂದಿಡುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆಮೇಲಿನ ಕೆಲಸ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಕೆಲವರು ಸುಮ್ಮನೆ ಹೆದರುತ್ತಾರೆ, ಕೆಲವರು ಸಲ್ಲದ ನಿಶ್ಚಿಂತೆಯಲ್ಲಿ ಮನೆಗೆ ಮರಳುತ್ತಾರೆ.

ತಲೆ ಸುತ್ತಿದರೆ, ಸಿಟ್ಟು ನೆತ್ತಿಗೇರಿದರೆ ‘ಬಿಪಿ ಏರಿದೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಅಧಿಕ ರಕ್ತದೊತ್ತಡವಿರುವ ಬಹುತೇಕರಿಗೆ ಯಾವ ಸೂಚನೆಯೂ ಇರುವುದಿಲ್ಲ. ಹೃದಯ, ಮೆದುಳು, ಮೂತ್ರಪಿಂಡ ಮತ್ತು ಕಣ್ಣುಗಳ ರಕ್ತನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಹಾಳಾಗುತ್ತಾ ಹೋಗಿ, ಲಕ್ವ ಹೊಡೆದು ಆಸ್ಪತ್ರೆಗೆ ಸೇರಿದ ದಿನವೇ ಮನೆಯವರಿಗೆ ವಿಷಯ ಗೊತ್ತಾಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ, 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದ್ದು, ಅವರಲ್ಲಿ ಶೇ 46ರಷ್ಟು ಮಂದಿಗೆ ಅದರ ಅರಿವೇ ಇಲ್ಲ. ದೇಹವೇ ಹೇಳದ ಸಂಗತಿಯನ್ನು ಅಳೆದೇ ತಿಳಿಯಬೇಕಾಗಿರುವುದರಿಂದ ಜನರಿರುವ ಕಡೆಗೇ ಯಂತ್ರವನ್ನು ಒಯ್ಯುವ ಕ್ರಮ ಬಂದಿದೆ.

ಅಳೆಯುವ ರೀತಿ ಸರಿಯಿಲ್ಲದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಬಿಸಿಲಲ್ಲಿ ನಡೆದು ಬಂದು ಸಾಲಿನಲ್ಲಿ ನಿಂತಿದ್ದವರನ್ನು ಸ್ಟೂಲಿನ ಮೇಲೆ ಕೂರಿಸಿ, ತುಂಬುತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಹೆಸರು, ವಯಸ್ಸು, ಊರು ಕೇಳುತ್ತಲೇ ಗುಂಡಿ ಒತ್ತಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಬರಿತೋಳಿಗೆ ಪಟ್ಟಿ ಕಟ್ಟಿ, ಇಬ್ಬರೂ ಮಾತನಾಡದೆ ಅಳೆಯಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ, ಸಿಗರೇಟು ಸೇವಿಸಿರಬಾರದು. ಮೂತ್ರ ತಡೆದುಕೊಂಡು ಕೂತಿರಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ತೋಳು ಕೆಳಗೆ ಜೋತುಬಿದ್ದಿದ್ದರೂ ಹಾಗೆಯೇ. ಐದು ನಿಮಿಷದ ಆ ವಿಶ್ರಾಂತಿಗಾಗಿ ನಾಲ್ಕು ಕುರ್ಚಿಗಳನ್ನು ಹೆಚ್ಚಾಗಿ ಹಾಕಿಸುವುದು ಇನ್ನೊಂದು ಯಂತ್ರ ಕೊಳ್ಳುವುದಕ್ಕಿಂತ ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಹೈಪರ್‌ಟೆನ್ಷನ್ ಎಂಬ ಅಧಿಕ ರಕ್ತದೊತ್ತಡ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಆರಂಭಿಸಿದ ‘ಮೇ ಮೆಷರ್‌ಮೆಂಟ್ ಮಂತ್’ ಅಭಿಯಾನದಲ್ಲಿ ಪ್ರತಿಯೊಬ್ಬರನ್ನೂ ಮೂರು ಬಾರಿ ಅಳೆದು ಕೊನೆಯ ಎರಡರ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯುವ ಕ್ರಮವಿತ್ತು. ಆ ವರ್ಷ ಭಾರತವೂ ಸೇರಿದಂತೆ 80 ದೇಶಗಳಲ್ಲಿ 12 ಲಕ್ಷ ವಯಸ್ಕರು ಪಾಲ್ಗೊಂಡರು. ಔಷಧ ತೆಗೆದುಕೊಳ್ಳದವರ ಪೈಕಿ ಶೇ 17ರಷ್ಟು ಮಂದಿಯಲ್ಲಿ ಒತ್ತಡ ಹೆಚ್ಚಿತ್ತು. ಔಷಧ ತೆಗೆದುಕೊಳ್ಳುತ್ತಿದ್ದವರಲ್ಲೂ ಶೇ 46ರಷ್ಟು ಮಂದಿಗೆ ಅದು ಹತೋಟಿಗೆ ಬಂದಿರಲಿಲ್ಲ. ಕಾಯಿಲೆ ಇದೆಯೆಂದು ತಿಳಿದವರಿಗೂ ತಪಾಸಣೆ ಬೇಕೆಂಬುದಕ್ಕೆ ಈ ಎರಡನೆಯ ಅಂಕಿಯೇ ಸಾಕ್ಷಿ.

ನಮ್ಮ ದೇಶದ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರೆಲ್ಲರಿಗೂ ಈ ತಪಾಸಣೆ ಇದೆ; ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಅವರನ್ನು ಗುರುತಿಸುತ್ತಾರೆ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯೂ ಇದೇ ದಾರಿಯದು.

ಮೇಲಿನ ಅಂಕಿ (ಹೃದಯ ಕುಗ್ಗಿ ರಕ್ತ ತಳ್ಳುವಾಗಿನ ಒತ್ತಡ) 140 ಅಥವಾ ಕೆಳಗಿನ ಅಂಕಿ (ಹೃದಯ ಸಡಿಲಗೊಂಡಾಗಿನ ಒತ್ತಡ) 90 ತಲುಪಿದ್ದರೆ, ಬೇರೊಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತೆ ಅಳೆಸಿ, ಅಲ್ಲೂ ಹಾಗೆಯೇ ಬಂದರೆ ಅಧಿಕ ರಕ್ತದೊತ್ತಡವೆಂದು ನಿರ್ಧರಿಸುತ್ತಾರೆ. 180/110 ಮುಟ್ಟಿದ್ದರೆ, ಅದರಲ್ಲೂ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು ಜೊತೆಗಿದ್ದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಈಗಾಗಲೇ ಮಾತ್ರೆ ನುಂಗುತ್ತಿರುವವರು ಶಿಬಿರದ ಚೀಟಿಯಲ್ಲಿ ಆ ವಿಷಯವನ್ನೂ ಬರೆಸಿಕೊಳ್ಳಬೇಕು. 124/78 ಬಂತೆಂದು ಅವರು ಮಾತ್ರೆ ನಿಲ್ಲಿಸುವಂತಿಲ್ಲ. ಒತ್ತಡವನ್ನು ಅಷ್ಟರಲ್ಲಿ ಹಿಡಿದಿಟ್ಟಿರುವುದು ಆ ಮಾತ್ರೆಯೇ. ಅದನ್ನು ಕಡಿಮೆ ಮಾಡಬಹುದೇ ಎಂಬುದನ್ನು ಹಲವು ದಿನಗಳ ಅಂಕಿಗಳನ್ನು ಮುಂದಿಟ್ಟುಕೊಂಡು ವೈದ್ಯರೇ ಹೇಳಬೇಕು.