ಚಾರ್ಲ್ಸ್ ಮಿಂಗಸ್: ಬೇಸ್ ಹಿಡಿದು ಕೇಳುವ ಪಾಠ

ಜಾಝ್ ಬೇಸ್ ವಾದಕ, ಕೃತಿಕಾರ ಮಿಂಗಸ್ ಬಗ್ಗೆ ಓದುವ ಮೊದಲು 1957ರ ‘ಹೈಟಿಯನ್ ಫೈಟ್ ಸಾಂಗ್’ ಹಾಕಿಕೊಂಡು ಕೇಳಿ. ಶುರುವಿನಲ್ಲಿ ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥ ತಗ್ಗು ದನಿಯ ವಾದ್ಯ, ಒಂದೇ ನುಡಿಯುತ್ತದೆ. ಆಮೇಲೆ ಅದು ಒಂದು ಚಿಕ್ಕ ಸಾಲನ್ನು ಪಲ್ಲವಿಯಂತೆ ಹಿಡಿದುಕೊಳ್ಳುತ್ತದೆ, ಉಳಿದ ವಾದ್ಯಗಳು ಬಂದು ಸೇರುತ್ತವೆ. ಸಾಮಾನ್ಯವಾಗಿ ಹಿಂದೆ ನಿಲ್ಲುವ ವಾದ್ಯವೇ ಇಲ್ಲಿ ದಾರಿ ತೋರಿಸುತ್ತದೆ.

ಹುಟ್ಟಿದ್ದು 1922ರ ಏಪ್ರಿಲ್ 22, ಅಮೆರಿಕದ ಅರಿಜೋನಾದಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ. ಮೊದಲು ಚೆಲೊ ಕಲಿತು, ಆಮೇಲೆ ಬೇಸ್‌ಗೆ ಬಂದರು. ಲೂಯಿ ಆರ್ಮ್‌ಸ್ಟ್ರಾಂಗ್, ಲಯನೆಲ್ ಹ್ಯಾಂಪ್ಟನ್ ತಂಡಗಳಲ್ಲಿ ನುಡಿಸಿದರು. 1952ರಲ್ಲಿ ಡ್ರಮ್ಮರ್ ಮ್ಯಾಕ್ಸ್ ರೋಚ್ ಜತೆ ‘ಡೆಬ್ಯೂ’ ಎಂಬ ಸ್ವಂತ ರೆಕಾರ್ಡ್ ಕಂಪನಿ ಕಟ್ಟಿದರು.

ನಾವು ಗಮನಿಸಬೇಕಾದದ್ದು ಅವರು ಕೃತಿ ಕಲಿಸುತ್ತಿದ್ದ ಬಗೆ. 1956ರ ‘ಪಿಥೆಕ್ಯಾಂತ್ರೋಪಸ್ ಇರೆಕ್ಟಸ್’ ಹೊತ್ತಿಗೆ ವಾದಕರ ಕೈಗೆ ಸ್ವರ ಬರೆದ ಹಾಳೆ ಕೊಡುವುದನ್ನು ಬಿಟ್ಟರು. ಒಬ್ಬೊಬ್ಬರಿಗೂ ಅವರವರ ಭಾಗವನ್ನು ನುಡಿಸಿ ತೋರಿಸಿ, ಕಿವಿಯಿಂದಲೇ ಕಲಿಸಿದರು. ಗುರುವಿನ ಎದುರು ಕೂತು ಪಾಠ ಹೇಳಿಸಿಕೊಂಡವರಿಗೆ ಇದು ಹೊಸತಲ್ಲ. ಹಾಳೆ ನೋಡಿ ನುಡಿಸಿದರೆ ಸ್ವರ ಸಿಗುತ್ತದೆ, ಕೇಳಿ ಕಲಿತರೆ ಅದರ ಎಳೆತ, ಒತ್ತು, ಉಸಿರು ಎಲ್ಲ ಸಿಗುತ್ತವೆ. ಮಿಂಗಸ್ ತಂಡದ ನಾದ ಅಷ್ಟು ಬಿಸಿಯಾಗಿರುವುದು ಇದರಿಂದಲೇ ಎಂದು ನನಗನಿಸುತ್ತದೆ.

1959ರ ‘ಮಿಂಗಸ್ ಆ ಉಮ್’ ಆಲ್ಬಮ್‌ನಲ್ಲಿ ಎರಡು ಕೃತಿ ಮುಖ್ಯ. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ಗೆ ವಿದಾಯ. ಜಾನ್ ಹ್ಯಾಂಡಿಯ ಸೋಲೋದಲ್ಲಿ ನಾಲಗೆ ಅದುರಿಸಿ ಊದುವ ಜಾಗ ಬರುತ್ತದೆ. ಬಿಕ್ಕಳಿಸಿದಂತೆಯೇ ಕೇಳುತ್ತದೆ, ಅಲ್ಲಿ ನಿಲ್ಲಿಸಿ ಮತ್ತೆ ಕೇಳಿ. ಇನ್ನೊಂದು ‘ಫೇಬಲ್ಸ್ ಆಫ್ ಫೌಬಸ್’. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಸೈನಿಕರನ್ನು ನಿಲ್ಲಿಸಿದ ಆರ್ಕನ್ಸಾ ಗವರ್ನರ್ ಫೌಬಸ್ ಮೇಲಿನ ಕೋಪ ಅದು. ಈ ಆಲ್ಬಮ್‌ನಲ್ಲಿ ಅದಕ್ಕೆ ಮಾತಿಲ್ಲ. ಮಾತಿನ ಸಮೇತ ಧ್ವನಿಮುದ್ರಣವಾದದ್ದು 1960ರಲ್ಲಿ, ‘ಕ್ಯಾಂಡಿಡ್’ ಕಂಪನಿಗೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ, ಮೊದಲನೆಯದರಲ್ಲೂ ವಾದ್ಯಗಳೇ ಅಣಕಿಸುತ್ತಿದ್ದದ್ದು ಗೊತ್ತಾಗುತ್ತದೆ.

1977ರಲ್ಲಿ ಎಎಲ್ಎಸ್ ಎಂಬ ನರರೋಗ ಪತ್ತೆಯಾಯಿತು. ಕೈ ಸೋತು ಬೇಸ್ ಬಿಡಬೇಕಾಯಿತು. ಆದರೂ ಟೇಪ್ ರೆಕಾರ್ಡರ್ ಮುಂದೆ ಹಾಡಿ ಹಾಡಿ ಕೃತಿ ಕಟ್ಟಿದರು. 1979ರ ಜನವರಿ 5ರಂದು ಮೆಕ್ಸಿಕೋದಲ್ಲಿ ತೀರಿಕೊಂಡರು. ಪತ್ನಿ ಸೂ, ಮಿಂಗಸ್ ಅವರ ಚಿತಾಭಸ್ಮವನ್ನು ತಂದು ಗಂಗೆಯಲ್ಲಿ ಬಿಟ್ಟರು.